ಹುಳಿಮಳೆಯಲ್ಲಿ ನಿಂತ ಅಕ್ಕ

ಬೆಟ್ಟಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಶಂಖಾವತಿ ಅಂತ ಒಂದು ರಾಜ್ಯ ಇತ್ತು. ಇಡೀ ರಾಜ್ಯ ಬಿಳಿಗಲ್ಲಿನದು. ಅರಮನೆ ಬಿಳಿಗಲ್ಲು, ಗುಡಿ ಬಿಳಿಗಲ್ಲು, ದನಕ್ಕೆ ನೀರಿಡುವ ಬಾನಿಯೂ ಬಿಳಿಗಲ್ಲು. ಎಷ್ಟು ಬಿಳುಪು ಅಂದರೆ ಕಾಗೆಗಳು ಆ ಊರಿನ ಮೇಲೆ ಹಾರಲು ನಾಚಿಕೊಂಡು ಸುತ್ತುಬಳಸಿ ಹೋಗುತ್ತಿದ್ದವು. ಹುಣ್ಣಿಮೆಯ ಚಂದ್ರ ಇಣುಕಿ ನೋಡಿ, ಇಲ್ಲಿ ನನಗೇನು ಕೆಲಸ ಅಂತ ಬೇಗನೆ ಮುಳುಗುತ್ತಿದ್ದ. ನಂಬದಿದ್ದರೆ ಬಿಡಿ, ಚಂದ್ರನಿಗೇನೂ ನಷ್ಟವಿಲ್ಲ.

ಆ ಊರಿನವರದು ಒಂದು ಪದ್ಧತಿ. ನಾವು ತಾಮ್ರದ ಚೊಂಬನ್ನು ಬೆಳಗುವ ಹಾಗೆ ಅವರು ಕಲ್ಲನ್ನೂ ಹುಣಿಸೆಹಣ್ಣಿನಿಂದ ಬೆಳಗುತ್ತಿದ್ದರು. ಕಲ್ಲೆಂದರೆ ಅವರಿಗೆ ಮನೆಯ ಹಿರಿಯರಿದ್ದ ಹಾಗೆ. ಹಬ್ಬ ಬಂತೆಂದರೆ ಹೆಂಗಸರು ಮಡಕೆಯಲ್ಲಿ ಹುಣಿಸೆ ಕಿವುಚಿ, ಕಂಬ, ಹೊಸ್ತಿಲು, ಜಗುಲಿ ಎಲ್ಲ ತಿಕ್ಕುವರು. ತಿಕ್ಕಿದ ಮೇಲೆ ಕಲ್ಲು ಆಗತಾನೇ ಕರೆದ ಹಾಲಿನ ಹಾಗೆ ಕಾಣುವುದು. ಹೊಳೆಯಿತಲ್ಲ, ಇನ್ನೇನು ಬೇಕು ಅಂತ ಅವರು ಹೋಳಿಗೆ ತಟ್ಟಲು ಹೋಗುವರು.

ಆ ಊರಿನ ಪೇಟೆಯಲ್ಲಿ ಸುಗ್ಗವ್ವ ಅಂತ ಒಬ್ಬ ಹೂವಾಡಗಿತ್ತಿ ಇದ್ದಳು. ತಂದೆತಾಯಿ ಇಲ್ಲ. ತಮ್ಮ ಜಡೆಯನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಹೂ ಕಟ್ಟಿ, ಹೂ ಮಾರಿ ಸಾಕಿದವಳು. ಅವಳ ಬೆರಳು ಆಡಿದರೆ ನೋಡುವವರ ಕಣ್ಣು ಸೋಲುತ್ತಿತ್ತು. ಮೊಗ್ಗು ಬುಟ್ಟಿಯಿಂದ ತಾನಾಗಿ ಎದ್ದು ದಾರಕ್ಕೆ ಬಂದು ಕೂತಂತೆ ಕಾಣುತ್ತಿತ್ತು. ಜಡೆಯ ಬೆಳೆದು ಗಂಡಾಳಾದ, ಆದರೆ ಬೆಳೆದದ್ದು ಬಾಯಿ ಮಾತ್ರ ಅಂತ ಅಕ್ಕ ಬೈಯುತ್ತಿದ್ದಳು. ಅವನ ಕೆಲಸ ಬುಟ್ಟಿ ಹೊತ್ತು ಬೀದಿಬೀದಿ ಕೂಗುವುದು. ಈ ಮಲ್ಲಿಗೆ ಮೂಸಿದರೆ ಚಟ್ಟದ ಮೇಲಿನ ಅಜ್ಜ ಎದ್ದು ಕೂತು ಮಜ್ಜಿಗೆ ಕೇಳುತ್ತಾನೆ ಅನ್ನುವನು. ಈ ಸಂಪಿಗೆ ಮುಡಿದರೆ ಅತ್ತೆ ಸೊಸೆಯ ಕಾಲು ಒತ್ತುತ್ತಾಳೆ ಅನ್ನುವನು. ಸುಳ್ಳೆಂದು ಎಲ್ಲರಿಗೂ ಗೊತ್ತು. ಆದರೂ ಕೊಳ್ಳುವರು.

ಹೀಗಿರಲು ಧೂಮಕಂಠನೆಂಬ ಮಾಂತ್ರಿಕ ಬಂದ. ರಾಜ ಧವಳರಾಯನ ಆಸ್ಥಾನಕ್ಕೆ ಹೋಗಿ, ದೂರದ ಹಳದಿಗುಡ್ಡ ನನಗಿರಲಿ, ಅಲ್ಲಿ ಹಳದಿಗಲ್ಲು ಸುಡುತ್ತೇನೆ, ಬೇರೇನೂ ಕೇಳುವುದಿಲ್ಲ ಅಂದ. ಹುಲ್ಲೂ ಬೆಳೆಯದ ಗುಡ್ಡ, ಹೋದರೆ ಹೋಗಲಿ ಅಂತ ರಾಜ ತಲೆಯಾಡಿಸಿದ. ಮಾಂತ್ರಿಕನ ಗುಟ್ಟು ರಾಜನಿಗೆ ಗೊತ್ತಿರಲಿಲ್ಲ. ಆ ಹಳದಿ ಹೊಗೆಯನ್ನು ಕುಡಿದೇ ಅವನು ಬದುಕುವುದು. ಹೊಗೆ ಏಳುತ್ತಿರುವ ತನಕ ಅವನಿಗೆ ಸಾವಿಲ್ಲ.

ಗುಡ್ಡದ ಮೇಲೆ ಬೆಂಕಿ ಹೊತ್ತಿತು. ಹೊಗೆ ಎದ್ದಿತು. ಮೋಡ ಆ ಹೊಗೆಯನ್ನು ಕುಡಿಯಿತು. ಗಾಳಿ ಆ ಮೋಡವನ್ನು ಶಂಖಾವತಿಗೆ ತಂದಿತು. ಮಳೆ ಬಿತ್ತು.

ಆ ಮಳೆ ಹುಳಿ. ಅಂಗಳದಲ್ಲಿ ಇಟ್ಟ ಹಾಲು ಹನಿ ಬಿದ್ದ ಕೂಡಲೇ ಒಡೆಯಿತು. ಮಲ್ಲಿಗೆ ಮೊಗ್ಗು ಅರಳುವ ಮೊದಲೇ ಸುಟ್ಟಂತೆ ಮುದುಡಿತು. ಅರಮನೆಯ ಬಾಗಿಲ ಕಬ್ಬಿಣದ ಸರಳು ಹಪ್ಪಳದ ಹಾಗೆ ಪದರಪದರ ಉದುರಿತು. ಗೋಪುರದ ತಾಮ್ರದ ಕಳಶ ಹಸಿರು ನೀರು ಸುರಿಸಿತು. ಆಮೇಲೆ ಕಲ್ಲು. ನುಣ್ಣನೆಯ ಗೋಡೆ ಸಕ್ಕರೆ ಅಚ್ಚಿನ ಹಾಗೆ ತರಿತರಿಯಾಯಿತು, ಕೈಯಾಡಿಸಿದರೆ ಪುಡಿ ಅಂಟಿತು. ಶಾಸನದ ಅಕ್ಷರ ಮಾಸಿತು. ಗುಡಿಯ ಬೊಂಬೆಗಳ ಮೂಗು ಸವೆಯಿತು. ಮಳೆ ತಾಗದ ಸೂರಿನ ಕೆಳಗೆ ಕಪ್ಪು ಹಕ್ಕಳೆ ಕಟ್ಟಿತು.

ಊರಿನವರು ಏನಂದುಕೊಂಡರು? ಕಲ್ಲಿಗೆ ಕೊಳೆ ಹತ್ತಿದೆ, ಯಾರದೋ ದೃಷ್ಟಿ ತಾಗಿದೆ ಅಂದರು. ಹಬ್ಬಕ್ಕೊಮ್ಮೆ ತಿಕ್ಕುತ್ತಿದ್ದವರು ದಿನಾ ತಿಕ್ಕತೊಡಗಿದರು. ತಿಕ್ಕಿದಾಗ ಕಲ್ಲು ಬೆಳ್ಳಗೆ ಕಾಣುವುದು, ಅವರಿಗೆ ಸಮಾಧಾನವಾಗುವುದು.

ಒಂದು ದಿನ ಧೂಮಕಂಠನೇ ಪೇಟೆಗೆ ಬಂದ. ಅವನ ಮೈಯೆಲ್ಲ ಕೊಳೆತ ಮೊಟ್ಟೆಯ ನಾತ. ನಾತ ಮುಚ್ಚಲು ಮಲ್ಲಿಗೆ ಬೇಕಾಗಿತ್ತು. ಇಡೀ ಪೇಟೆ ಬಾಯಿ ಮುಚ್ಚಿ ದಾರಿ ಬಿಟ್ಟಿತು. ಸುಗ್ಗವ್ವ ಬಿಡಲಿಲ್ಲ. ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಅವನ ಮುಖಕ್ಕೆ ಬೆರಳು ಚಾಚಿದಳು.

"ನಿನ್ನ ಹೊಗೆಯಿಂದ ನನ್ನ ಮೊಗ್ಗು ಬಳ್ಳಿಯಲ್ಲೇ ಸಾಯ್ತಿವೆ. ನಿನಗೆ ಒಂದೆಸಳೂ ಕೊಡೋಳಲ್ಲ ನಾನು. ನಡಿ ಇಲ್ಲಿಂದ."

ಧೂಮಕಂಠ ನಕ್ಕ. ನಕ್ಕಾಗ ಮೂಗಿನಿಂದ ಹಳದಿ ಹೊಗೆ ಬಂತು.

"ಗಟ್ಟಿ ಹೆಂಗಸು. ಕಲ್ಲಾಗಿಯೇ ನಿಲ್ಲು. ನನ್ನ ಬೆಂಕಿ ಆರಿದ ದಿನ ನಿನಗೆ ಬಿಡುಗಡೆ. ಅಲ್ಲಿಯವರೆಗೆ ಮಳೆ ತಿಂದದ್ದು ಮಾತ್ರ ತಿರುಗಿ ಬರೋದಿಲ್ಲ."

ಬೆರಳು ಚಾಚಿದ ಸುಗ್ಗವ್ವ ಬೆರಳು ಚಾಚಿದಂತೆಯೇ ಬಿಳಿಗಲ್ಲಾದಳು. ಬುಟ್ಟಿ ಕಲ್ಲು, ಸೆರಗು ಕಲ್ಲು, ರೆಪ್ಪೆಯೂ ಕಲ್ಲು.

ಬೀದಿ ಸುತ್ತಿ ಬಂದ ಜಡೆಯ ಅಕ್ಕನನ್ನು ನೋಡಿದ, ಮಾಂತ್ರಿಕ ಆಡಿದ ಮಾತನ್ನು ಪೇಟೆಯವರಿಂದ ಕೇಳಿದ. ಅವಳನ್ನು ಎತ್ತಿ ಮನೆಯೊಳಗೆ ಒಯ್ಯಲು ಹೋದ, ಊರಿನ ಪೈಲ್ವಾನರೂ ಕೈಹಾಕಿದರು. ನೆಲಕ್ಕೆ ಬೇರುಬಿಟ್ಟವಳಂತೆ ಅವಳು ಅಲುಗಲಿಲ್ಲ. ಚಪ್ಪರ ಹಾಕಿದರೆ ಚಪ್ಪರದ ಗರಿ ಹುಳಿಮಳೆಗೆ ಕರಟಿ ಬಿತ್ತು. ಒಂದು ಮಳೆಗೆ ಅವಳ ಹುಬ್ಬು ಮಾಸಿತು. ಇನ್ನೊಂದು ಮಳೆಗೆ ಬಳೆಗಳ ಗೆರೆ ಅಳಿಸಿತು. ಮತ್ತೊಂದು ಮಳೆಗೆ ಚಾಚಿದ ಬೆರಳಿನ ಉಗುರು ಹೋಯಿತು. ಕಲ್ಲಾದರೂ ಅಕ್ಕ ಅಕ್ಕನೇ. ಆದರೆ ಮುಖವೇ ಅಳಿಸಿಹೋದ ಮೇಲೆ ಬೆಂಕಿ ಆರಿದರೆ, ಯಾವ ಕಣ್ಣಿನಿಂದ ಅವಳು ಎದ್ದು ತನ್ನನ್ನು ನೋಡಬೇಕು?

ಈ ಸುದ್ದಿ ಕೇಳಿದ ರಾಜ, ಬೆಂಕಿ ಆರಿಸಿ ಬರಲೆಂದು, ಕಬ್ಬಿಣದ ಅಂಗಿ ತೊಟ್ಟ ದಂಡನ್ನು ಗುಡ್ಡಕ್ಕೆ ಕಳಿಸಿದ್ದ. ಮಳೆಗೆ ಅಂಗಿಯ ಕೀಲು ಹಿಡಿದು, ಕೂತವರು ಏಳಲಾರದೆ ಎದ್ದವರು ಕೂರಲಾರದೆ, ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ವಾಪಸು ಬಂದಿದ್ದರು. ಹಾಗಾಗಿ ಜಡೆಯ ತಾನೇ ಹೊರಟ. ಬರಿಮೈ, ಹೆಗಲಿಗೊಂದು ಚೀಲ. ಚೀಲದಲ್ಲಿ ರೊಟ್ಟಿ, ಹರಳೆಣ್ಣೆಯ ಸೋರೆಬುರುಡೆ, ಹುಣಿಸೆಯ ಉಂಡೆ.

ಹೊರಡುವಾಗ ಊರಿನ ಹೆಂಗಸರ ಕೈಹಿಡಿದು ಹೇಳಿದ. ನಾನು ಬರುವ ತನಕ ಅಕ್ಕನನ್ನು ದಿನಾ ಬೆಳಿಗ್ಗೆ ಹುಣಿಸೆ ಹಾಕಿ ತೊಳೆಯಿರಿ, ಒಂದು ದಿನವೂ ತಪ್ಪಿಸಬೇಡಿ, ನಿಮ್ಮ ಸ್ವಂತ ಅಕ್ಕ ಅಂದುಕೊಳ್ಳಿ ಅಂದ. ಹೆಂಗಸರು ಕಣ್ಣೊರೆಸಿಕೊಂಡು ಆಣೆಯಿಟ್ಟರು.

ನಡೆದ, ನಡೆದ. ಅವನ ನೆರಳಿಗೇ ಕಾಲುನೋವು ಬಂದು ಅದು ಹಿಂದೆ ಬಿತ್ತು, ಅಷ್ಟು ನಡೆದ. ಒಂದು ಕಣಿವೆ ಬಂತು. ಕಣಿವೆಗೆ ಅಡ್ಡವಾಗಿ ಧೂಮಕಂಠ ಮಾಡಿ ನಿಲ್ಲಿಸಿದ ಕಬ್ಬಿಣದ ಆನೆ. ಮೈಯೆಲ್ಲ ಕೆಂಪು ತುಕ್ಕು. ಅದು ಸೊಂಡಿಲು ಎತ್ತಿದರೆ ಊರ ಬಾಗಿಲುಗಳೆಲ್ಲ ಒಟ್ಟಿಗೆ ಕಿರುಗುಟ್ಟಿದ ಸದ್ದು. ಯಾರೇ ಬರಲಿ, ತುಳಿಯುವುದು ಅದರ ಕೆಲಸ.

ಜಡೆಯ ಓಡಲಿಲ್ಲ. ಓಡಿದರೆ ಎಲ್ಲಿಗೆ ಓಡುವುದು? ಮೇಲಕ್ಕೆತ್ತಿದ ಕಾಲಿನ ಕೆಳಗೇ ನಿಂತು, ನಿನ್ನ ಮೊಣಕಾಲು ಎಷ್ಟು ನೋಯುತ್ತಿರಬೇಕು ಮಾರಾಯ ಅಂದ. ಎಲ್ಲರೂ ಅದನ್ನು ಕಂಡು ಕಿರುಚಿದವರೇ, ನೋವು ಕೇಳಿದವರಿಲ್ಲ. ಆನೆಯ ಕಾಲು ಅಲ್ಲೇ ನಿಂತಿತು. ಜಡೆಯ ಮರಳಿನಿಂದ ತುಕ್ಕು ಉಜ್ಜಿ ಕೀಲುಕೀಲಿಗೂ ಹರಳೆಣ್ಣೆ ಬಿಟ್ಟ. ಆನೆ ಒಂದು ಹೆಜ್ಜೆ ಇಟ್ಟಿತು, ಸದ್ದಿಲ್ಲ. ಇನ್ನೊಂದು ಹೆಜ್ಜೆ ಇಟ್ಟಿತು, ಸದ್ದಿಲ್ಲ. ಆಮೇಲೆ ಎಳೆಗರುವಿನ ಹಾಗೆ ಕಣಿವೆ ತುಂಬ ಕುಣಿದು, ಅವನಿಗೆ ದಾರಿ ಬಿಟ್ಟಿತು.

ಮತ್ತೆ ನಡೆದ. ಬೋಳು ಮರವೊಂದರ ಮೇಲೆ ತಾಮ್ರದ ಗರುಡ ಕೂತಿತ್ತು. ಅದರ ಕಣ್ಣು, ರೆಕ್ಕೆ, ಕೊಕ್ಕು ಎಲ್ಲ ಹಸಿರು ಕಿಲುಬು. ಕಣ್ಣು ಕಾಣದಿದ್ದರೂ ಉಸಿರಿನ ಸದ್ದು ಹಿಡಿದು ಎರಗುತ್ತಿತ್ತು. ಎರಗಿದ ಏಟಿಗೆ ಜಡೆಯನ ಹೆಗಲು ಸೀಳಿತು. ಅವನು ಉಸಿರು ಬಿಗಿಹಿಡಿದು ನೆಲಕ್ಕೆ ಅಂಟಿದ. ಗರುಡ ಹುಡುಕುತ್ತ ಎದೆಯ ಮೇಲೇ ಬಂದು ಕೂತಿತು. ಉಸಿರು ಬಿಟ್ಟರೆ ಪ್ರಾಣ ಹೋಗುತ್ತದೆ, ಬಿಡದಿದ್ದರೂ ಹೋಗುತ್ತದೆ. ಜಡೆಯ ಮೆಲ್ಲಗೆ ಚೀಲಕ್ಕೆ ಕೈಹಾಕಿ, ಹುಣಿಸೆಯನ್ನು ಅದರ ಕಣ್ಣಿಗೆ ಒರೆಸಿದ. ಕಿಲುಬು ಕರಗಿತು. ಹೊಸ ಚೊಂಬಿನ ಹಾಗೆ ಕಣ್ಣು ಫಳಫಳ ಅಂದಿತು. ಎಷ್ಟೋ ಕಾಲದ ಮೇಲೆ ಆಕಾಶ ಕಂಡ ಗರುಡ, ಮಿಕ್ಕ ಮೈಯನ್ನೂ ಬೆಳಗಪ್ಪ ಅಂತ ಬೇಡಿಕೊಂಡಿತು. ಜಡೆಯ ಕೊಕ್ಕಿನಿಂದ ಬಾಲದವರೆಗೆ ಬೆಳಗಿದ. ಅದು ಇನ್ನೊಂದು ಸೂರ್ಯನ ಹಾಗೆ ಅವನ ತಲೆಯ ಮೇಲೆ ಹಾರುತ್ತ ಜೊತೆಗೆ ಬಂತು.

ಜಡೆಯನಿಗೆ ಹೆಮ್ಮೆ ಬಂತು. ನಮ್ಮೂರ ಹುಣಿಸೆಗೆ ಸೋಲದ್ದು ಈ ಲೋಕದಲ್ಲಿ ಯಾವುದಿದೆ ಅಂತ ಗರುಡನಿಗೆ ಕೊಚ್ಚಿಕೊಂಡ.

ಹಳದಿಗುಡ್ಡದ ಬುಡ ಬಂತು. ಅಲ್ಲೊಂದು ಹೆಣ್ಣುಹುಲಿ. ಹಿಂದೆ ಕಾಡಿನಲ್ಲಿ ಓಡಾಡಿಕೊಂಡಿದ್ದ ನಿಜವಾದ ಹುಲಿ ಅದು. ಮಾಂತ್ರಿಕ ಅದನ್ನು ಬಿಳಿಗಲ್ಲು ಮಾಡಿ, ಕಾವಲಿಗೆಂದು ಕಾಲಿಗಷ್ಟು ಚಲನೆ, ಬಾಯಿಗಷ್ಟು ಮಾತು ಬಿಟ್ಟಿದ್ದ. ಮಳೆಗೆ ಅದರ ಮೈಯ ಪಟ್ಟೆ ಅಳಿಸಿ, ಹುಲಿಯೋ ಹಸುವೋ ತಿಳಿಯದಂತೆ ಆಗಿತ್ತು. ಹೊಟ್ಟೆಯ ಕೆಳಗೆ ಕಪ್ಪು ಹಕ್ಕಳೆ. ನೋವಿನಿಂದ ಅದು ಬಂಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು.

ಜಡೆಯ ದೂರದಿಂದಲೇ ಕೂಗಿ ಹೇಳಿದ, ಹೆದರಬೇಡ ತಾಯಿ, ಮದ್ದು ತಂದಿದ್ದೇನೆ, ಮುಟ್ಟಿದರೆ ನೋವು ಓಡುತ್ತದೆ ಅಂತ. ಹುಲಿ ನಂಬಿತು. ಪಂಜ ನೀಡಿ ಕಣ್ಣು ಮುಚ್ಚಿಕೊಂಡಿತು. ಅವನು ಹುಣಿಸೆ ಹಿಂಡಿ ಕಿವಿಗೂ ಪಂಜಕ್ಕೂ ಬಳಿದು ತಿಕ್ಕಿದ.

ಕಲ್ಲು ಬುಸುಗುಟ್ಟಿತು. ನೊರೆ ಬಂತು. ಜಡೆಯ ಕೈ ತೆಗೆದ. ಹುಲಿಯ ಎಡಗಿವಿ ಅರ್ಧ ಇಲ್ಲ. ಉಗುರುಗಳು ಅವನ ಅಂಗೈಯಲ್ಲಿ ಬಿಳಿ ನೀರಾಗಿ ಹರಿಯುತ್ತಿದ್ದವು.

ಹುಲಿ ಒಂದೇ ಏಟಿಗೆ ಅವನನ್ನು ಕೆಡವಿ ಎದೆಯ ಮೇಲೆ ಕಾಲಿಟ್ಟಿತು.

"ಹುಳಿ ಸುಟ್ಟ ಗಾಯಕ್ಕೆ ಹುಳಿಯನ್ನೇ ಹಚ್ಚಿದೆಯಲ್ಲೋ. ಯಾರು ಕಲಿಸಿದರು ನಿನಗೆ ಈ ವಿದ್ಯೆ?"

"ನಮ್ಮೂರಲ್ಲಿ ಎಲ್ಲರೂ ಹೀಗೇ ಮಾಡ್ತಾರೆ," ಅಂದ ಜಡೆಯ. ಹುಲಿಯ ಭಾರಕ್ಕಿಂತ ಹೆಚ್ಚಿನ ಭಾರ ಅವನ ಎದೆಯ ಮೇಲೆ ಬಿತ್ತು. "ನಮ್ಮಕ್ಕನಿಗೂ ಮಾಡ್ತಿದ್ದಾರೆ. ದಿನಾ ಬೆಳಿಗ್ಗೆ. ಹೇಳಿ ಬಂದವನು ನಾನೇ."

ಹುಲಿ ಅವನ ಮುಖವನ್ನೇ ನೋಡಿತು. ಕಾಲು ಹಿಂದಕ್ಕೆ ತೆಗೆದುಕೊಂಡಿತು. ಬಿಳಿಗಲ್ಲು ಸುಣ್ಣದ ಒಡಹುಟ್ಟು, ಹುಳಿ ತಾಗಿದರೆ ಕುದಿದು ಕರಗುತ್ತದೆ, ಮಳೆ ಮಾಡುವುದನ್ನೇ ನಿಮ್ಮ ಹುಣಿಸೆಯೂ ಮಾಡುತ್ತದೆ ಅಂತ ಹೇಳಿತು. ಬೆಳ್ಳಗೆ ಕಂಡದ್ದು ಹೊಳಪಲ್ಲ, ಚರ್ಮ ಸುಲಿದ ಮಾಂಸ. ಕಪ್ಪು ಹಕ್ಕಳೆಯೂ ಕೊಳೆಯಲ್ಲ, ಹೊಗೆ ತಾಗಿ ಕಲ್ಲೇ ಹಾಗಾದದ್ದು, ಕಿತ್ತರೆ ಕಲ್ಲನ್ನೂ ಕಿತ್ತುಕೊಂಡು ಬರುತ್ತದೆ. ಉಳಿಸಬೇಕೆಂದರೆ ಮೈಗೆ ದಪ್ಪಗೆ ಸುಣ್ಣ ಬಳಿಯಬೇಕು, ಮಳೆ ಮೊದಲು ಸುಣ್ಣ ತಿನ್ನಲಿ. ಧೂಮಕಂಠನಿಗೆ ಇದೆಲ್ಲ ಗೊತ್ತು, ಅದಕ್ಕೇ ಅವನ ಮನೆ ಗಟ್ಟಿ ಕರಿಕಲ್ಲಿನದು ಅಂತಲೂ ಹೇಳಿತು.

ಜಡೆಯ ಎದ್ದು ನಿಂತ. ಹಿಂದೆ ಓಡಿ ಹುಣಿಸೆ ನಿಲ್ಲಿಸಲೇ? ಓಡಿ ತಲುಪುವಷ್ಟರಲ್ಲಿ ಅಕ್ಕನಿಗೆ ಬೆರಳು ಉಳಿದಿರುವುದಿಲ್ಲ. ತಲುಪಿದರೂ ಬೆಂಕಿ ಇಲ್ಲಿ ಉರಿಯುತ್ತಲೇ ಇರುತ್ತದೆ, ಮಳೆ ಸುರಿಯುತ್ತಲೇ ಇರುತ್ತದೆ. ಮುಂದೆ ಹೋದರೆ, ಪ್ರತಿ ಬೆಳಗೂ ಊರ ಹೆಂಗಸರು ಆಣೆ ತಪ್ಪದೆ, ಪ್ರೀತಿಯಿಂದ, ಅಕ್ಕನ ಮುಖವನ್ನು ತಿಕ್ಕುತ್ತಿರುತ್ತಾರೆ.

ಗರುಡನ ಕಡೆ ನೋಡಿದ. ಹಾರಿ ಹೋಗಿ ಹುಣಿಸೆ ನಿಲ್ಲಿಸು, ಸುಣ್ಣ ಬಳಿಯಲು ಹೇಳು ಅಂದ. ಮಧ್ಯೆ ಹುಳಿಮೋಡ ದಾಟಬೇಕು. ಮತ್ತೆ ಕಿಲುಬು ಹತ್ತುತ್ತದೆ, ರೆಕ್ಕೆ ಹಿಡಿಯುತ್ತದೆ ಅಂತ ಗರುಡನಿಗೂ ಗೊತ್ತು. ಆದರೂ ಹಾರಿತು. ಮೋಡದೊಳಗೆ ಒಂದು ಕೆಂಪು ಚುಕ್ಕಿಯಾಗಿ, ಆಮೇಲೆ ಅದೂ ಕಾಣದಾಯಿತು. ತಲುಪಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ.

ಜಡೆಯ ಹುಲಿಯ ಜೊತೆ ಗುಡ್ಡ ಹತ್ತಿದ. ಮೇಲೆ ಕರಿಕಲ್ಲಿನ ಗುಮ್ಮಟ. ಸಾವಿರ ಮಳೆ ಬಿದ್ದರೂ ಕೂದಲಷ್ಟೂ ಸವೆದಿರಲಿಲ್ಲ. ಗುಮ್ಮಟದ ನೆತ್ತಿಯಿಂದ ಇಟ್ಟಿಗೆಯ ಹೊಗೆಗೋಪುರ ಎದ್ದಿತ್ತು. ಎಷ್ಟು ಎತ್ತರ ಅಂದರೆ ಅದರ ತುದಿಯಲ್ಲಿ ಗೂಡು ಕಟ್ಟಿದ ಹದ್ದು ಮೊಟ್ಟೆ ಜಾರಿಸಿದರೆ, ನೆಲ ಮುಟ್ಟುವಷ್ಟರಲ್ಲಿ ಅದು ಮರಿಯಾಗಿ, ಬಲಿತು, ಹಾರಿಹೋಗುತ್ತಿತ್ತು. ಆ ಗೋಪುರದಿಂದ ಹಳದಿ ಹೊಗೆ ಉಕ್ಕುತ್ತಿತ್ತು.

ಜಡೆಯ ಗುಮ್ಮಟದ ಮೇಲೆ ಹತ್ತಿ, ಸುಸ್ತಾಗಿ ಗೋಪುರದ ಬುಡಕ್ಕೆ ಒರಗಿದ. ಬೆನ್ನಿಗೆ ಏನೋ ಒದ್ದೆ ಹಿಟ್ಟಿನ ಹಾಗೆ ತಾಗಿತು. ತಿರುಗಿ ನೋಡಿದ. ಇಟ್ಟಿಗೆಗಳ ನಡುವಿನ ಗಾರೆ. ಗಾರೆಯೆಂದರೆ ಸುಣ್ಣವೇ ತಾನೆ. ಬೆರಳಿಟ್ಟರೆ ಬೆರಳು ಒಳಗೆ ಹೋಯಿತು. ಗೋಪುರಕ್ಕೆ ಬಿಗಿದಿದ್ದ ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು ಉಬ್ಬಿ, ಇಟ್ಟಿಗೆಯನ್ನೇ ಸೀಳಿದ್ದವು. ಮನೆಯನ್ನು ಕರಿಕಲ್ಲಿನಿಂದ ಕಟ್ಟಿದ ಮಾಂತ್ರಿಕ ಗೋಪುರದ ಗಾರೆಯನ್ನು ಮರೆತಿದ್ದ. ಒಳಗೆ ಕೂತು ಹೊಗೆ ಕುಡಿಯುವವನು ಹೊರಗೆ ಬಂದು ತಲೆಯೆತ್ತಿ ನೋಡುವುದು ಯಾವಾಗ? ಅವನ ಹೊಗೆಯ ಮಳೆ ಮೊದಲು ಬೀಳುತ್ತಿದ್ದುದೇ ಅವನ ಗೋಪುರದ ಮೇಲೆ.

ಹುಲಿ ಉಳಿದ ಪಂಜದಿಂದ ಗಾರೆ ಕೆರೆಯಬಲ್ಲದು. ಆದರೆ ಸದ್ದು ಕೇಳಿ ಮಾಂತ್ರಿಕ ಹೊರಬಂದು ಪುಡಿಯಾಗು ಅಂದರೆ ಅದು ಪುಡಿ. ಅವನನ್ನು ಯಾರಾದರೂ ಒಳಗೇ ಹಿಡಿದು ಕೂರಿಸಬೇಕು.

"ಅದು ನನ್ನ ಕಸುಬು," ಅಂದ ಜಡೆಯ.

ಬಾಗಿಲು ದೂಡಿಕೊಂಡು ಒಳಗೆ ಹೋದ. ಒಳಗೆ ಕೆರೆಯಷ್ಟಗಲದ ಕುಲುಮೆ. ಹಳದಿಗಲ್ಲು ನೀಲಿ ಜ್ವಾಲೆಯಾಗಿ ಉರಿಯುತ್ತಿತ್ತು. ಧೂಮಕಂಠ ದಂಡೆಯಲ್ಲಿ ಕೂತು ಹೊಗೆಯನ್ನು ಬೊಗಸೆಯಲ್ಲಿ ಮೊಗೆದು ಕುಡಿಯುತ್ತಿದ್ದ. ಕಲ್ಲು ಮಾಡುವ ಮೊದಲು ಏನಾದರೂ ಹೇಳುವುದಿದೆಯೇ ಅಂತ ಕೇಳಿದ.

ಜಡೆಯ ಸುತ್ತ ನೋಡಿ ಮೂಗು ಮುರಿದ. ಇಷ್ಟೇನಾ ಹೊಗೆ ಅಂದ. ನಮ್ಮಕ್ಕ ಒಲೆ ಹಚ್ಚಿದರೆ ಸೂರ್ಯ ಕೆಮ್ಮಿಕೊಂಡು ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತಾನೆ ಅಂದ.

ಧೂಮಕಂಠನ ಕೈ ಅಲ್ಲೇ ನಿಂತಿತು. ಎಷ್ಟೋ ತಲೆಮಾರುಗಳಿಂದ ಅವನ ಎದುರು ಯಾರೂ ಜಂಬ ಕೊಚ್ಚಿರಲಿಲ್ಲ. ಅವನಿಗೆ ಚುಚ್ಚಿತು. ನಾನು ಹುಟ್ಟಿದಾಗ ಸಮುದ್ರ ಒಂದೇ ಬೊಗಸೆ ಇತ್ತು, ತಿಳಿದುಕೋ ಅಂದ.

ಅದು ನಮ್ಮಜ್ಜ ಉಂಡು ಕೈ ತೊಳೆದ ನೀರು ಅಂದ ಜಡೆಯ.

ನಾನು ಕತ್ತರಿಸಿ ಎಸೆದ ಉಗುರುಗಳೇ ಈ ಬೆಟ್ಟಸಾಲು ಅಂದ ಮಾಂತ್ರಿಕ. ಅದರಲ್ಲಿ ಒಂದನ್ನು ನಮ್ಮಜ್ಜಿ ಅಡಿಕೆ ಕುಟ್ಟಲು ಒಯ್ದಳು, ಮೆತ್ತಗಿದೆ ಅಂತ ಬಿಸಾಡಿದಳು ಅಂದ ಜಡೆಯ. ನನ್ನ ತೋಟದ ಬಳ್ಳಿ ಹತ್ತಿ ನಕ್ಷತ್ರ ಕಿತ್ತಿದ್ದೇನೆ ಅಂದ ಮಾಂತ್ರಿಕ. ನಮ್ಮ ಹಿತ್ತಲ ಕುಂಬಳಕಾಯಿಯೊಳಗೆ ಒಂದು ಮದುವೆ ದಿಬ್ಬಣ ದಾರಿ ತಪ್ಪಿತ್ತು, ಹೊರಗೆ ಬಂದದ್ದು ಮದುಮಗಳ ಮೊಮ್ಮಗ ಅಂದ ಜಡೆಯ. ಮಾಂತ್ರಿಕ ತೊಡೆ ತಟ್ಟಿ ಮುಂದಕ್ಕೆ ಸರಿದು ಕೂತ. ಕಲ್ಲು ಮಾಡುವುದು ಮರೆತೇ ಹೋಯಿತು.

ಆದರೆ ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕು. ಒಂದೊಂದು ಉಸಿರಿಗೂ ಹಳದಿ ಹೊಗೆ ಜಡೆಯನ ಗಂಟಲಿಗೆ ಕೆಂಡದ ಹಾಗೆ ಇಳಿಯುತ್ತಿತ್ತು. ಕಣ್ಣು ಉರಿದು ನೀರು ಸುರಿಯುತ್ತಿತ್ತು. ಹೊರಗೆ ಮಳೆ ಶುರುವಾಯಿತು. ಆ ಮಳೆ ಈಗ ಅಲ್ಲೂ ಬೀಳುತ್ತಿರಬಹುದು. ಅಕ್ಕನ ತುಟಿ ಹೋಯಿತೋ, ಕಣ್ಣು ಹೋಯಿತೋ. ಒಂದು ಸುಳ್ಳು ಮುಗಿದು ಇನ್ನೊಂದು ಹುಡುಕುವಷ್ಟರಲ್ಲಿ ಅವನ ದನಿ ಒಡೆಯಿತು. ಬೀದಿ ನಡುಗುವಂತೆ ಹೂ ಕೂಗುತ್ತಿದ್ದ ಗಂಟಲಿನಿಂದ ಬರೀ ಗಾಳಿ ಬಂತು.

ಮಾತು ನಿಂತಿತು. ಆ ಮೌನದಲ್ಲಿ ಮೇಲಿನಿಂದ ಕರಕರ ಸದ್ದು ಕೇಳಿತು.

ಧೂಮಕಂಠ ಕಿವಿಯೆತ್ತಿದ. "ಅದೇನು ಸದ್ದು?"

ಜಡೆಯನ ತಲೆಯಲ್ಲಿ ಒಂದು ಸುಳ್ಳೂ ಉಳಿದಿರಲಿಲ್ಲ. ಎಲ್ಲ ಸುಟ್ಟುಹೋಗಿದ್ದವು. ಉಳಿದದ್ದು ನಿಜ ಒಂದೇ. ಅದನ್ನೇ ಪಿಸುಗುಟ್ಟಿದ.

"ನಿನ್ನ ಹೊಗೆಗೋಪುರ ಬೀಳ್ತಾ ಇದೆ. ನಿನ್ನ ಮಳೆಯೇ ಅದರ ಗಾರೆ ತಿಂದಿದೆ. ನಿನ್ನ ಕಾವಲಿನ ಹುಲಿ ಅದನ್ನ ಕೆರೀತಿದೆ."

ಧೂಮಕಂಠ ಅವನನ್ನೇ ದಿಟ್ಟಿಸಿದ. ಆಮೇಲೆ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು ನಕ್ಕ, ನೆಲ ಗುದ್ದಿ ನಕ್ಕ. ಸಮುದ್ರ, ಉಗುರು, ಕುಂಬಳಕಾಯಿ ಎಲ್ಲ ಸರಿ, ಆದರೆ ಇಂಥ ದೊಡ್ಡ ಸುಳ್ಳನ್ನು ನನ್ನ ಆಯಸ್ಸಿನಲ್ಲೇ ಕೇಳಿಲ್ಲ, ಗೆದ್ದೆ ಕಣೋ ಅಂದ. ನಗುತ್ತ ನಗುತ್ತ ಕೂತಲ್ಲೇ ಉರುಳಿದ.

ಮೊದಲು ಒಂದು ಇಟ್ಟಿಗೆ ಕುಲುಮೆಗೆ ಬಿತ್ತು. ಆಮೇಲೆ ಎರಡು. ಆಮೇಲೆ ಇಡೀ ಗೋಪುರ ನಡು ಮುರಿದು, ಹೊಗೆ ಬಂದ ದಾರಿಯಲ್ಲೇ ಒಳಕ್ಕೆ ಇಳಿಯಿತು. ಬಾಗಿಲಿನಿಂದ ಹಾರಿಬಂದ ಹುಲಿ ಜಡೆಯನ ಪಂಚೆ ಕಚ್ಚಿ ಹೊರಗೆಳೆದು ಹಾಕಿತು. ಹಿಂದೆ ಕರಿಕಲ್ಲಿನ ಗುಮ್ಮಟ ಇಟ್ಟಿಗೆಯಿಂದ ಕಣಜದ ಹಾಗೆ ತುಂಬಿಕೊಂಡಿತು. ಬೆಂಕಿಗೆ ಉಸಿರು ಕಟ್ಟಿತು. ಹೊಗೆ ಒಂದೆಳೆಯಾಯಿತು, ಆ ಎಳೆಯೂ ಕಡಿಯಿತು. ನಗು ನಿಂತಿತು. ಧೂಮಕಂಠನಲ್ಲಿ ಉಳಿದದ್ದು ಒಂದು ಹಿಡಿ ಹಳದಿ ಪುಡಿ. ಗಾಳಿ ಕೂಡ ಅದನ್ನು ಮುಟ್ಟಲು ಹೇಸಿತು.

ಜಡೆಯ ಕಣ್ಣುಬಿಟ್ಟಾಗ ಪಕ್ಕದಲ್ಲಿ ಬಿಸಿ ಉಸಿರಿನ, ಚಿನ್ನದ ಬಣ್ಣದ, ಪಟ್ಟೆಪಟ್ಟೆಯ ಹುಲಿ ಮೈ ನೆಕ್ಕಿಕೊಳ್ಳುತ್ತಿತ್ತು. ಅವನಿಗೆ ಸಂತೋಷವಾಗಲಿಲ್ಲ. ಅವನು ನೋಡಿದ್ದು ಅದರ ಎಡಗಿವಿ. ಅರ್ಧವೇ ಇತ್ತು. ಅವನು ತಿಕ್ಕಿದ ಪಂಜದಲ್ಲಿ ಉಗುರಿರಲಿಲ್ಲ. ಹೋದದ್ದು ಬಂದಿರಲಿಲ್ಲ.

ಹುಲಿ ಕುಂಟುತ್ತ ಕಾಡಿನ ಕಡೆ ಹೋಯಿತು. ಜಡೆಯ ಗುಡ್ಡ ಇಳಿದು ಓಡಿದ. ಕಣಿವೆಯಲ್ಲಿ ಕಬ್ಬಿಣದ ಆನೆ ಅವನನ್ನು ಕಂಡು ಮಂಡಿಯೂರಿತು. ಅದರ ಬೆನ್ನ ಮೇಲೆ ಕೂತು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದರೆ ಸುಳ್ಳು ಬೆಳೆಯುತ್ತಿದ್ದ ಬಾಯಿ ಅದು. ದಾರಿಯಲ್ಲಿ ಮಳೆ ಬಂತು. ನಾಲಿಗೆ ಚಾಚಿ ನೋಡಿದ. ಸಿಹಿ ನೀರು.

ಪೇಟೆಯಲ್ಲಿ ಜನ ನೆರೆದಿದ್ದರು. ನೆಲದ ತುಂಬ ಒಡೆದ ಮಡಕೆಯ ಚೂರು. ಆಮೇಲೆ ತಿಳಿದದ್ದು ಇಷ್ಟು. ಗರುಡ ಊರು ತಲುಪಿತ್ತು. ಆದರೆ ಹುಳಿಮೋಡ ದಾಟುವಾಗ ಗಂಟಲಿಗೆ ಕಿಲುಬು ಕಟ್ಟಿ, ಹೇಳಬೇಕಾದ ಮಾತು ಹೊರಡಲಿಲ್ಲ. ಮಾತಿಲ್ಲದ ಹಕ್ಕಿ ಏನು ಮಾಡೀತು? ಸುಗ್ಗವ್ವನ ತಲೆಯ ಮೇಲೆ ಕೂತು ಎರಡೂ ರೆಕ್ಕೆ ಬಿಚ್ಚಿತು. ಮಳೆ ಬಂದರೆ ತನ್ನ ಮೈಮೇಲೆ ತೆಗೆದುಕೊಂಡಿತು. ಹೆಂಗಸರು ಹುಣಿಸೆ ತಂದರೆ ಕುಕ್ಕಿ ಮಡಕೆ ಒಡೆಯಿತು. ಹೆಂಗಸರು ಶಾಪ ಹಾಕಿದರು, ಕೋಲು ತಂದರು, ಹೊಸ ಮಡಕೆ ತಂದರು. ಅದೂ ಒಡೆಯಿತು. ಕೊನೆಗೆ ರೆಕ್ಕೆಯೂ ಹಿಡಿದುಹೋಗಿ, ಕೊಡೆಯ ಹಾಗೆ ಅಲುಗದೆ ನಿಂತುಬಿಟ್ಟಿತ್ತು.

ಜನ ಸರಿದರು. ಬುಟ್ಟಿಯ ಪಕ್ಕದಲ್ಲಿ ನೆಲದ ಮೇಲೆ ಒಬ್ಬ ಹೆಂಗಸು ಕೂತಿದ್ದಳು, ತೊಡೆಯ ಮೇಲೆ ಹಸಿರುಗಟ್ಟಿದ ಹಕ್ಕಿ. ಹುಬ್ಬಿಲ್ಲ. ಮೂಗಿನ ತುದಿ ಸವೆದು ಮೊಂಡಾಗಿದೆ. ಚಾಚಿದ್ದ ಬೆರಳು ಅರ್ಧಕ್ಕೇ ನಿಂತಿದೆ. ರೆಕ್ಕೆಯಿಂದ ಇಳಿದ ಹಸಿರು ನೀರು ಹಣೆಯಿಂದ ಗಲ್ಲದವರೆಗೆ ಗೆರೆಯಾಗಿ ಉಳಿದಿದೆ. ಆದರೆ ಎರಡು ಕಣ್ಣು, ಹಳೆಯ ಎರಡು ಕಣ್ಣು, ಅವನನ್ನೇ ನೋಡುತ್ತಿದ್ದವು.

ಜಡೆಯ ಬಾಯಿ ತೆರೆದ. ದನಿ ಬರಲಿಲ್ಲ.

"ಏನೋ," ಅಂದಳು ಸುಗ್ಗವ್ವ. "ನನ್ನ ಮೂಗು ನೋಡಿ ಮಾತು ನಿಂತುಹೋಯ್ತೇನೋ? ಮೂಗುತಿಗೆ ಜಾಗ ಇದೆ, ಅಷ್ಟು ಸಾಕು. ಬಾ ಇಲ್ಲಿ."

ಅವನು ಹೋಗಿ ಅವಳ ಮಡಿಲಲ್ಲಿ ತಲೆಯಿಟ್ಟ. ಅವಳು ಅರ್ಧ ಬೆರಳಿನ ಕೈಯಿಂದ ಅವನ ತಲೆ ಸವರಿದಳು.

ಧವಳರಾಯ ಹಳದಿಗಲ್ಲು ಸುಡಬಾರದೆಂದು ಡಂಗುರ ಹೊಡೆಸಿದ. ಶಂಖಾವತಿಯವರು ಗೋಡೆಗೆ ಸುಣ್ಣ ಬಳಿದರು, ಹುಣಿಸೆಯನ್ನು ಚೊಂಬಿಗೂ ಸಾರಿಗೂ ಇಟ್ಟುಕೊಂಡರು. ಗರುಡನನ್ನು ಬೆಳಗುವ ಸರದಿಗೆ ಹೆಂಗಸರಲ್ಲಿ ಜಗಳವೇ ಆಯಿತು, ಕೋಲು ತಂದವರೇ ಮುಂದೆ ನಿಂತಿದ್ದರು. ಕಬ್ಬಿಣದ ಆನೆ ಊರ ಮಕ್ಕಳನ್ನು ಹೊತ್ತು ತಿರುಗಿತು. ಜಡೆಯನ ಗಂಟಲು ನಿಧಾನವಾಗಿ ಸರಿಹೋಯಿತು, ಸುಳ್ಳುಗಳೂ ಒಂದೊಂದಾಗಿ ಮರಳಿದವು. ಸುಗ್ಗವ್ವ ಒಂಬತ್ತೂವರೆ ಬೆರಳಿನಲ್ಲಿ ಹೂ ಕಟ್ಟುವುದನ್ನು ಹೊಸದಾಗಿ ಕಲಿತಳು. ಮೊದಲ ಮಾಲೆ ಸೊಟ್ಟಗಾಯಿತು. ಅದನ್ನು ತಮ್ಮನ ಕೊರಳಿಗೇ ಹಾಕಿದಳು.

ಮುಂದಿನ ಹಬ್ಬಕ್ಕೆ ಅವಳ ಮುಖದ ಹಸಿರು ಗೆರೆ ನೋಡಿ ಅರಮನೆಯ ಕುವರಿ ತನ್ನ ಗಲ್ಲಕ್ಕೂ ಅಂಥದೊಂದು ಹಚ್ಚೆ ಹಾಕಿಸಿಕೊಂಡಳು. ಅವಳನ್ನು ನೋಡಿ ಪೇಟೆಯವರು, ಪೇಟೆಯವರನ್ನು ನೋಡಿ ಹಳ್ಳಿಯವರು. ಹಸಿರು ಗೆರೆಯಿಲ್ಲದ ಹೆಣ್ಣನ್ನು ಶಂಖಾವತಿಯಲ್ಲಿ ಯಾರೂ ಚೆಲುವೆ ಅನ್ನದಂತಾಯಿತು. ಅವರು ಅಲ್ಲಿ ಸಿಹಿಮಳೆಯಲ್ಲಿ ನೆನೆಯುತ್ತ ಚೆನ್ನಾಗಿದ್ದಾರೆ, ಕತೆ ಕೇಳಿದ ನಾವು ಇಲ್ಲಿ ಬೆಚ್ಚಗಿರೋಣ.